ಎಚ್ಚಿಂಗ್ ಅಲಂಕಾರ ಚಿತ್ರಗಳ ಮರುಮುದ್ರಣ: ದೋಷ ಹುಟ್ಟಿದ ಜಾಗ ಹುಡುಕುವುದು ಹೇಗೆ

ಎಚ್ಚಿಂಗ್ ಅಂದರೆ ತಾಮ್ರದ ಹಲಗೆಗೆ ಮೇಣ ಬಳಿದು, ಸೂಜಿಯಿಂದ ಗೀರಿ, ಆಮ್ಲದಿಂದ ಗೆರೆ ಕೊರೆಸಿ ಅಚ್ಚು ಹಾಕಿದ ಚಿತ್ರ. ಪಿರನೇಸಿ, ಟೇಥಮ್, ಪರ್ಸಿಯೇ ಮುಂತಾದ 18-19ನೇ ಶತಮಾನದ ಯುರೋಪಿನ ಕಲಾವಿದರ ಇಂಥ ವಾಸ್ತು ಅಲಂಕಾರದ ಚಿತ್ರಗಳನ್ನು ಪುಸ್ತಕಕ್ಕೋ ಗೋಡೆಗೆ ಹಾಕುವ ಪ್ರಿಂಟಿಗೋ ಮರುಮುದ್ರಿಸಲು ಹೊರಟವರಿಗೆ ಕೆಲವು ತೊಂದರೆಗಳು ತಪ್ಪಿದ್ದಲ್ಲ. ಕಂಪ್ಯೂಟರ್ ಪರದೆಯಲ್ಲಿ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಪ್ರೆಸ್ಸಿನಿಂದ ಹಾಳೆ ಬಂದಾಗ ನೆರಳಿನ ಭಾಗದಲ್ಲಿ ಅಲೆ ಅಲೆಯಾದ ಪಟ್ಟಿಗಳು ಎದ್ದಿರುತ್ತವೆ. ಅಕ್ಯಾಂಥಸ್ ಎಲೆಯ ತುದಿಯ ತೆಳು ಗೆರೆಗಳು ತುಂಡು ತುಂಡಾಗಿರುತ್ತವೆ. ಕೆಲವು ಕಡೆ ಗೆರೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಕಪ್ಪು ಮುದ್ದೆಯಾಗಿರುತ್ತದೆ.

ಆಗ ಎಲ್ಲರೂ ಮಾಡುವ ಕೆಲಸ ಒಂದೇ. ಫೈಲ್ ತೆರೆದು ಕಾಂಟ್ರಾಸ್ಟ್ ಏರಿಸುವುದು, ಶಾರ್ಪನ್ ಹಾಕುವುದು, ಮತ್ತೆ ಪ್ರಿಂಟ್ ತೆಗೆಸುವುದು. ದಯವಿಟ್ಟು ಹಾಗೆ ಮಾಡಬೇಡಿ. ಈ ಚಿತ್ರ ನಿಮ್ಮ ಪುಟಕ್ಕೆ ಬರುವ ಮೊದಲು ಐದು ಹಂತ ದಾಟಿದೆ: ತಾಮ್ರದ ಹಲಗೆ, ಅದರಿಂದ ಕಾಗದಕ್ಕೆ ಇಳಿದ ಅಚ್ಚು, ಸ್ಕ್ಯಾನ್ ಅಥವಾ ಫೋಟೊ, ಕಂಪ್ಯೂಟರ್ ಫೈಲ್, ಕೊನೆಗೆ ಪ್ರೆಸ್. ನೋಡಲು ಒಂದೇ ತರಹ ಇರುವ ದೋಷ ಈ ಐದರಲ್ಲಿ ಎಲ್ಲಿ ಬೇಕಾದರೂ ಹುಟ್ಟಿರಬಹುದು. ಪ್ರೆಸ್ಸಿನಲ್ಲಿ ಹುಟ್ಟಿದ ದೋಷಕ್ಕೆ ಫೈಲಿನಲ್ಲಿ ಮದ್ದು ಹುಡುಕಿದರೆ ಚೆನ್ನಾಗಿದ್ದ ಫೈಲೂ ಕೆಡುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ತಾಮ್ರದ ಹಲಗೆಯಲ್ಲೇ ಇದ್ದ ಗುರುತನ್ನು ದೋಷ ಅಂದುಕೊಂಡು ಅಳಿಸಿದರೆ, 18ನೇ ಶತಮಾನದ ಒಬ್ಬ ಕಲಾವಿದನ ಕೈಗುರುತನ್ನೇ ಅಳಿಸಿದ ಹಾಗಾಗುತ್ತದೆ.

ಪತ್ತೆ ಕೆಲಸಕ್ಕೆ ಬೇಕಾದ ಸಾಮಾನು ಕಡಿಮೆ. ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್, ಒಂದು ಟಾರ್ಚ್, ಮಿಲಿಮೀಟರ್ ಪಟ್ಟಿ, ಒಂದು ಕಪ್ಪು ಹಾಳೆ. ಇಷ್ಟೇ ಸಾಕು.

ಮೊದಲು ಕೈಯಲ್ಲಿರುವುದು ಏನು ಅಂತ ನೋಡಿ

ಎಚ್ಚಿಂಗ್ ಅಂತ ಬರೆದಿರುವುದೆಲ್ಲ ಎಚ್ಚಿಂಗ್ ಅಲ್ಲ. ಈ ಚಿತ್ರಗಳಿಗೆ ಬೇಡಿಕೆ ಇದ್ದಿದ್ದರಿಂದ 19ನೇ ಶತಮಾನದಿಂದಲೇ ಇವುಗಳ ನಕಲುಗಳು ಬಂದಿವೆ. ಫೋಟೊದಿಂದ ಅಚ್ಚು ಮಾಡುವ ಫೋಟೊ ಲಿಥೋ, ಕಾಲೊಟೈಪ್, ಹೀಲಿಯೋಗ್ರಾವ್ಯೂರ್, ಆಮೇಲೆ ಬೂದಿ ಛಾಯೆಯನ್ನು ಸಣ್ಣ ಚುಕ್ಕೆಗಳ ಜಾಲದಿಂದ ತೋರಿಸುವ ಹಾಫ್‌ಟೋನ್ ಆಫ್‌ಸೆಟ್. ನಿಮ್ಮ ಮೂಲವೇ ನಕಲಾಗಿದ್ದರೆ ಅರ್ಧ ಸಮಸ್ಯೆ ಅಲ್ಲೇ ಇದೆ.

ಟಾರ್ಚನ್ನು ಹಾಳೆಯ ಮಟ್ಟಕ್ಕೆ ತಂದು ಬದಿಯಿಂದ ಬೆಳಕು ಬಿಡಿ. ಎಚ್ಚಿಂಗ್‌ನಲ್ಲಿ ಶಾಯಿ ಹಲಗೆಯ ತಗ್ಗಿನಿಂದ ಮೇಲೆದ್ದು ಬರುತ್ತದೆ. ಹಾಗಾಗಿ ದಪ್ಪ ಗೆರೆಗಳು ಕಾಗದದ ಮೇಲೆ ಉಬ್ಬಿ ನಿಂತಿರುತ್ತವೆ, ಸಣ್ಣ ನೆರಳು ಚೆಲ್ಲುತ್ತವೆ. ಚಿತ್ರದ ಸುತ್ತ ಹಲಗೆಯ ಅಂಚು ಒತ್ತಿದ ತಗ್ಗೂ (ಪ್ಲೇಟ್ ಮಾರ್ಕ್) ಕಾಣಬೇಕು. ಅದೊಂದನ್ನೇ ನಂಬಬೇಡಿ, ನಕಲು ಮಾಡುವವರು ಖಾಲಿ ಹಲಗೆ ಒತ್ತಿ ಆ ತಗ್ಗನ್ನು ಸುಲಭವಾಗಿ ಮೂಡಿಸಬಲ್ಲರು. ನಂಬಬೇಕಾದದ್ದು ಉಬ್ಬಿದ ಗೆರೆಯನ್ನು. ಹೀಲಿಯೋಗ್ರಾವ್ಯೂರ್‌ನಲ್ಲೂ ಗೆರೆ ಉಬ್ಬುತ್ತದೆ ಅನ್ನುವುದು ನಿಜ, ಆದರೆ ಮರುಮುದ್ರಣದ ಮಟ್ಟಿಗೆ ಅದು ಒಳ್ಳೆಯ ಮೂಲವೇ.

ಈಗ ಲೂಪ್ ಇಟ್ಟು ನೋಡಿ. ಸಾಲು ಸಾಲು ಚುಕ್ಕೆ ಕಂಡರೆ ಅದು ಹಾಫ್‌ಟೋನ್ ನಕಲು. ಅದನ್ನು ಸ್ಕ್ಯಾನ್ ಮಾಡಿ ಮತ್ತೆ ಹಾಫ್‌ಟೋನ್‌ನಲ್ಲಿ ಅಚ್ಚು ಹಾಕಿದರೆ ಎರಡು ಚುಕ್ಕೆ ಜಾಲಗಳು ಜಗಳವಾಡಿ ಅಲೆಪಟ್ಟಿ ಎದ್ದೇ ಏಳುತ್ತದೆ. ಬೇರೆ ಮೂಲ ಹುಡುಕುವುದೇ ಇದಕ್ಕೆ ದಾರಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಿಂದ ತನ್ನಲ್ಲಿರುವ ಹಳೆಯ ಕೃತಿಗಳ ಚಿತ್ರಗಳನ್ನು ಯಾರು ಬೇಕಾದರೂ ಬಳಸಲು ಬಿಟ್ಟಿದೆ. ಅದರಲ್ಲಿ ಅಲಂಕಾರ ಚಿತ್ರಗಳು ಬೇಕಾದಷ್ಟಿವೆ.

ಗೆರೆಯ ತುದಿಯನ್ನೂ ನೋಡಿ. ಸೂಜಿಯಿಂದ ಮೇಣ ಗೀರಿ ಆಮ್ಲ ಕೊರೆದ ಗೆರೆಯ ತುದಿ ಮೊಂಡಾಗಿ, ದುಂಡಗೆ ಇರುತ್ತದೆ. ಉಳಿಯಿಂದ ನೇರವಾಗಿ ತಾಮ್ರ ಕೊರೆದ ಗೆರೆ ಮಧ್ಯೆ ದಪ್ಪಗಾಗಿ ತುದಿಯಲ್ಲಿ ಚೂಪಾಗುತ್ತದೆ. ಒಂದೇ ಹಲಗೆಯಲ್ಲಿ ಎರಡೂ ಇರುವುದು ಸಾಮಾನ್ಯ. ಇದು ಯಾಕೆ ಮುಖ್ಯ ಅಂದರೆ, ಆ ಚೂಪು ತುದಿಯೇ ಸ್ಕ್ಯಾನಿನಲ್ಲಿ ಮೊದಲು ಕಳೆದುಹೋಗುವುದು.

ಹಲಗೆಯಲ್ಲೇ ಇರುವ ಗುರುತುಗಳು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಜನ ಅತಿ ಹೆಚ್ಚು ಹಾಳು ಮಾಡುವುದು ಇದನ್ನೇ.

ಚಿತ್ರದ ಖಾಲಿ ಜಾಗದಲ್ಲಿ ಸಣ್ಣ ಕಪ್ಪು ಚುಕ್ಕೆಗಳ ಗುಂಪು ಕಂಡರೆ ತಕ್ಷಣ ಧೂಳು ಅಂದುಕೊಳ್ಳಬೇಡಿ. ತಾಮ್ರಕ್ಕೆ ಬಳಿದ ಮೇಣದ ಪದರ ಎಲ್ಲಾದರೂ ಬಿರುಕು ಬಿಟ್ಟರೆ ಆಮ್ಲ ಅಲ್ಲಿ ನುಗ್ಗಿ ಸಣ್ಣ ಗುಳಿ ಕೊರೆಯುತ್ತದೆ. ಆ ಗುಳಿಗಳಲ್ಲಿ ಶಾಯಿ ನಿಂತು ಚುಕ್ಕೆಯಾಗಿ ಅಚ್ಚಾಗುತ್ತದೆ. ಅದೇ ಹಲಗೆಯ ಇನ್ನೊಂದು ಪ್ರತಿ ಸಿಕ್ಕಿದರೆ ಪಕ್ಕದಲ್ಲಿಟ್ಟು ನೋಡಿ. ಎರಡರಲ್ಲೂ ಅದೇ ಜಾಗದಲ್ಲಿ ಅದೇ ಚುಕ್ಕೆ ಇದ್ದರೆ ಅದು ಹಲಗೆಯದ್ದು, ಬಿಟ್ಟುಬಿಡಿ. ಒಂದರಲ್ಲಿ ಮಾತ್ರ ಇದ್ದರೆ ಆ ಕಾಗದದ ಕೊಳೆಯೋ ನಿಮ್ಮ ಗಾಜಿನ ಧೂಳೋ ಇರಬೇಕು.

ಹಿನ್ನೆಲೆ ತುಸು ಬೂದಿಯಾಗಿ, ಅದೂ ಪ್ಲೇಟ್ ಮಾರ್ಕಿನ ಒಳಗೆ ಮಾತ್ರ ಇದ್ದರೆ, ಅದು ಒರೆಸುವಾಗ ಹಲಗೆಯ ಮೇಲೆ ಉಳಿದ ತೆಳು ಶಾಯಿ. ಬೂದಿ ಪ್ಲೇಟ್ ಮಾರ್ಕಿನ ಆಚೆಗೂ ಹರಡಿದ್ದರೆ ಕಾಗದ ಮಾಸಿದೆ ಅಥವಾ ಸ್ಕ್ಯಾನಿನ ಬೆಳಕು ಕಮ್ಮಿಯಾಗಿದೆ. ಗಡಿ ಎಲ್ಲಿದೆ ಅಂತ ನೋಡಿದರೆ ಉತ್ತರ ಸಿಗುತ್ತದೆ. ಹಾಗಾಗಿ ಸ್ಕ್ಯಾನ್ ಮಾಡುವಾಗ ಪ್ಲೇಟ್ ಮಾರ್ಕಿನ ಹೊರಗಿನ ಅಂಚನ್ನು ಯಾವತ್ತೂ ಕತ್ತರಿಸಬೇಡಿ.

ಇನ್ನು ಸವೆತ. ತಾಮ್ರ ಮೆತ್ತಗಿನ ಲೋಹ. ಪ್ರತಿ ಸಲ ಶಾಯಿ ಹಚ್ಚಿ ಒರೆಸಿ ಪ್ರೆಸ್ಸಿನಲ್ಲಿ ಒತ್ತಿದಾಗ ಸ್ವಲ್ಪ ಸವೆಯುತ್ತದೆ. ಮೊದಲು ಹೋಗುವುದು ಆಳವಿಲ್ಲದ ತೆಳು ಗೆರೆಗಳು. ಪಿರನೇಸಿ 1778ರಲ್ಲಿ ತೀರಿಕೊಂಡ. ಆತನ ಹಲಗೆಗಳನ್ನು ಮಗ ಫ್ರಾಂಚೆಸ್ಕೋ 1799ರಲ್ಲಿ ಪ್ಯಾರಿಸ್‌ಗೆ ಒಯ್ದ. ಅಲ್ಲಿ 1830ರ ದಶಕದಲ್ಲಿ ಫಿರ್ಮಿನ್ ದಿದೋ ಸಂಸ್ಥೆ ಅವನ್ನು ಮತ್ತೆ ಅಚ್ಚು ಹಾಕಿತು. ಆ ದಶಕದ ಕೊನೆಗೆ ಹಲಗೆಗಳು ಪೋಪ್ ಸರ್ಕಾರದ ಕೈಗೆ ಬಂದು ರೋಮಿಗೆ ಮರಳಿದವು, ಅಲ್ಲೂ ಅಚ್ಚು ನಿಲ್ಲಲಿಲ್ಲ. ಅಂದರೆ ಒಂದೇ ಹಲಗೆಯಿಂದ ಬಂದ ಎರಡು ಪ್ರತಿಗಳ ನಡುವೆ ನೂರು ವರ್ಷಕ್ಕೂ ಜಾಸ್ತಿ ಅಂತರ ಇರಬಹುದು! ಮೊದಲ ಕಾಲದ ಪ್ರತಿಯಲ್ಲಿ ಹೂದಾನಿಯ ಹಿಂದಿನ ತೆಳು ನೆರಳು ಬೆಳ್ಳಿಯಂತೆ ಸ್ವಚ್ಛವಾಗಿ ಕಾಣುತ್ತದೆ. ತಡವಾದ ಪ್ರತಿಯಲ್ಲಿ ಅಲ್ಲಿ ಮಸುಕು, ಮಧ್ಯೆ ಮಧ್ಯೆ ಖಾಲಿ.

ಈ ಮಸುಕನ್ನು ಸ್ಕ್ಯಾನಿನ ತಪ್ಪು ಅಂದುಕೊಂಡು ಶಾರ್ಪನ್ ಹಾಕಿದರೆ ಇಲ್ಲದ ಗೆರೆ ಬರುವುದಿಲ್ಲ, ಕಾಗದದ ನಾರು ಮಾತ್ರ ಎದ್ದು ಕಾಣುತ್ತದೆ. ಪರೀಕ್ಷೆ ಸುಲಭ. ಅದೇ ಹಾಳೆಯ ದಪ್ಪ ಗೆರೆಯ ಅಂಚನ್ನು ಸ್ಕ್ಯಾನಿನಲ್ಲಿ ನೋಡಿ. ದಪ್ಪ ಗೆರೆಯ ಅಂಚು ಚೂಪಾಗಿದ್ದು ತೆಳು ಗೆರೆ ಮಾತ್ರ ಮಾಯವಾಗಿದ್ದರೆ ಹಲಗೆ ಸವೆದಿದೆ. ಎರಡೂ ಮಸುಕಾಗಿದ್ದರೆ ಫೋಕಸ್ ತಪ್ಪಿದೆ.

ತಿರುಗಿಸಿ ನೋಡುವ ಪರೀಕ್ಷೆ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದಕ್ಕಿಂತ ಬೆಲೆಬಾಳುವ ಪರೀಕ್ಷೆ ಬೇರೆ ಇಲ್ಲ. ಖರ್ಚೂ ಇಲ್ಲ. ಹಾಳೆಯನ್ನು ಒಮ್ಮೆ ನೇರವಾಗಿಟ್ಟು ಸ್ಕ್ಯಾನ್ ಮಾಡಿ. ಆಮೇಲೆ 90 ಡಿಗ್ರಿ ತಿರುಗಿಸಿ ಮತ್ತೆ ಮಾಡಿ. ದೋಷ ಚಿತ್ರದ ಜೊತೆ ತಿರುಗಿದರೆ ಅದು ಹಾಳೆಯಲ್ಲಿದೆ. ಚಿತ್ರ ತಿರುಗಿ ದೋಷ ಅಲ್ಲೇ ನಿಂತರೆ ಅದು ಸ್ಕ್ಯಾನರಿನದ್ದು.

ಉದಾಹರಣೆಗೆ, ಹಳೆಯ ಕೈಕಾಗದದಲ್ಲಿ ಜರಡಿಯ ತಂತಿಗಳ ಗುರುತು ಸಾಲಾಗಿ ಇರುತ್ತದೆ. ಫ್ಲ್ಯಾಟ್‌ಬೆಡ್ ಸ್ಕ್ಯಾನರಿನ ಬೆಳಕು ಒಂದು ಕಡೆಯಿಂದ ಬಂದರೆ ಆ ಸಾಲುಗಳು ನೆರಳು ಬಿಟ್ಟು ಹಿನ್ನೆಲೆಯಲ್ಲಿ ಪಟ್ಟಿ ಪಟ್ಟಿಯಾಗಿ ಕಾಣುತ್ತವೆ. ತಿರುಗಿಸಿದಾಗ ಅವು ಹೆಚ್ಚುಕಮ್ಮಿ ಮಾಯವಾದರೆ ಕಾರಣ ಬದಿಯ ಬೆಳಕು. ಆಗ ತಿರುಗಿಸಿದ ಸ್ಕ್ಯಾನನ್ನೇ ಬಳಸಿ. ಕ್ಯಾಮೆರಾದಲ್ಲಿ ತೆಗೆಯುವುದಾದರೆ ಎರಡೂ ಕಡೆಯಿಂದ ಒಂದೇ ದೂರದಲ್ಲಿ, 45 ಡಿಗ್ರಿ ಕೋನದಲ್ಲಿ, ಒಂದೇ ಶಕ್ತಿಯ ದೀಪ ಇಡಿ. ದಪ್ಪ ಗೆರೆಯ ನಡುವೆ ಬಿಳಿ ಮಿಂಚು ಕಂಡರೆ ಅದು ಉಬ್ಬಿದ ಶಾಯಿಯ ಹೊಳಪು. ದೀಪವನ್ನು ಇನ್ನಷ್ಟು ಬದಿಗೆ ಸರಿಸಿದರೆ ಸರಿಹೋಗುತ್ತದೆ.

ಈ ಚಿತ್ರಗಳಿಗೆ ಇನ್ನೊಂದು ಅದೃಷ್ಟ ಇದೆ. ಪರೀಕ್ಷಾ ಚಾರ್ಟ್ ಚಿತ್ರದೊಳಗೇ ಕೂತಿದೆ! ಕಾರ್ಲೋ ಆಂಟೊನೀನಿ 1777ರಲ್ಲಿ ರೋಮಿನಲ್ಲಿ ಹೊರತರಲು ಶುರುಮಾಡಿದ ಅಲಂಕಾರಗಳ ಸಂಗ್ರಹದಲ್ಲಿ ಬೇಕಾದಷ್ಟು ರೋಸೆಟ್ ಇವೆ, ಅಂದರೆ ಹಳೆಯ ರೋಮನ್ ಕಟ್ಟಡಗಳ ಕಲ್ಲಿನಲ್ಲಿ ಕೊರೆದಿದ್ದ ದುಂಡು ಹೂ. ಅದರ ಎಸಳುಗಳ ಗೆರೆ ಎಲ್ಲ ದಿಕ್ಕಿಗೂ ಹೋಗುತ್ತದೆ, ಸುತ್ತ ದುಂಡು ಅಂಚು ಇರುತ್ತದೆ. ದುಂಡು ಅಂಚಿನ ಮೇಲೆ ಲೂಪ್ ಇಟ್ಟು ಗಡಿಯಾರದ ಮುಳ್ಳಿನಂತೆ ಸುತ್ತ ಬನ್ನಿ. ಮೂಲದಲ್ಲಿ ಅಂಚು ಎಲ್ಲ ಕಡೆ ಒಂದೇ ದಪ್ಪ ಇದ್ದು, ನಿಮ್ಮ ನಕಲಿನಲ್ಲಿ ಮೇಲೆ ಕೆಳಗೆ ಮಾತ್ರ ದಪ್ಪಗಾಗಿದ್ದರೆ ಯಾವುದೋ ಯಂತ್ರ ಒಂದೇ ದಿಕ್ಕಿನಲ್ಲಿ ಎಳೆದಿದೆ. ಎಲ್ಲ ಕಡೆ ಸಮನಾಗಿ ದಪ್ಪಗಾಗಿದ್ದರೆ ಶಾಯಿ ಹರಡಿದೆ. ಒಂದು ಮೂಲೆಯಲ್ಲಿ ಮಾತ್ರ ಮಸುಕಾಗಿದ್ದರೆ ಹಾಳೆ ಗಾಜಿಗೆ ಸರಿಯಾಗಿ ಕೂತಿಲ್ಲ. ಬಹಳಷ್ಟು ಉತ್ತರ ಒಂದೇ ಹೂವಿನಲ್ಲಿ ಸಿಗುತ್ತದೆ.

ತೆಳು ಗೆರೆ ತುಂಡಾಗಿದ್ದರೆ

ಲೆಕ್ಕ ಹಾಕಿ ನೋಡೋಣ. ಎಚ್ಚಿಂಗ್‌ನ ತೆಳು ಗೆರೆ 0.05 ಮಿಲಿಮೀಟರ್ ಅಗಲ ಅಂತ ಇಟ್ಟುಕೊಳ್ಳಿ. 300 ಪಿಪಿಐ (ಇಂಚಿಗೆ 300 ಪಿಕ್ಸೆಲ್) ಸ್ಕ್ಯಾನಿನಲ್ಲಿ ಒಂದು ಪಿಕ್ಸೆಲ್ ಸುಮಾರು 0.085 ಮಿಲಿಮೀಟರ್. ಗೆರೆ ಪಿಕ್ಸೆಲ್‌ಗಿಂತ ತೆಳು. ಹಾಗಾಗಿ ಅದು ಕಪ್ಪಾಗಿ ಬೀಳುವುದಿಲ್ಲ, ಅರೆಬೂದಿಯಾಗಿ ಬೀಳುತ್ತದೆ. ಅದನ್ನು ಶುದ್ಧ ಕಪ್ಪು-ಬಿಳಿ ಮಾಡಲು ಥ್ರೆಶೋಲ್ಡ್ ಹಾಕಿದ ತಕ್ಷಣ, ಅಂದರೆ ಒಂದು ಮಟ್ಟಕ್ಕಿಂತ ಗಾಢವಾದದ್ದೆಲ್ಲ ಕಪ್ಪು, ಉಳಿದದ್ದೆಲ್ಲ ಬಿಳಿ ಅಂತ ಮಾಡಿದ ತಕ್ಷಣ, ಕೆಲವು ಪಿಕ್ಸೆಲ್ ಈ ಕಡೆ, ಕೆಲವು ಆ ಕಡೆ. ಗೆರೆ ಚುಕ್ಕೆ ಚುಕ್ಕೆಯಾಗುತ್ತದೆ. 1200 ಪಿಪಿಐನಲ್ಲಿ ಪಿಕ್ಸೆಲ್ 0.021 ಮಿಲಿಮೀಟರ್. ಅದೇ ಗೆರೆಗೆ ಎರಡಕ್ಕಿಂತ ಜಾಸ್ತಿ ಪಿಕ್ಸೆಲ್ ಸಿಗುತ್ತದೆ, ಗೆರೆ ಉಳಿಯುತ್ತದೆ.

ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಚಿತ್ರಕ್ಕೂ ಇದೇ ಲೆಕ್ಕ. 4000 ಪಿಕ್ಸೆಲ್ ಅಗಲದ ಚಿತ್ರ ಅಂದರೆ ದೊಡ್ಡದು ಅನಿಸುತ್ತದೆ, ಅಲ್ವಾ? ಮೂಲ ಹಾಳೆ 38 ಸೆಂಟಿಮೀಟರ್ ಅಗಲವಿದ್ದರೆ ಅದು ಸುಮಾರು 267 ಪಿಪಿಐ ಅಷ್ಟೇ. ಗ್ರೇಸ್ಕೇಲ್‌ನಲ್ಲಿ, ಅಂದರೆ ಬೂದಿ ಛಾಯೆಗಳ ಸಮೇತ, ಮುದ್ರಿಸಲು ತಕ್ಕಮಟ್ಟಿಗೆ ಸಾಕು. ಶುದ್ಧ ಗೆರೆಚಿತ್ರ ಮಾಡಲು ಸಾಲದು. ಅದನ್ನು ಥ್ರೆಶೋಲ್ಡ್‌ಗೆ ಹಾಕುವ ಯೋಚನೆಯನ್ನೇ ಬಿಡಿ.

ರೆಸಲ್ಯೂಶನ್ ಸಾಕಷ್ಟಿದ್ದೂ ಗೆರೆ ತುಂಡಾದರೆ ಥ್ರೆಶೋಲ್ಡ್ ಹಾಕಿದ ರೀತಿ ನೋಡಬೇಕು. ಪಿರನೇಸಿ ಹಲಗೆಯನ್ನು ಆಮ್ಲಕ್ಕೆ ಒಂದೇ ಸಲ ಹಾಕುತ್ತಿರಲಿಲ್ಲ. ಸ್ವಲ್ಪ ಹೊತ್ತು ಕೊರೆಯಲು ಬಿಟ್ಟು, ತೆಳ್ಳಗೆ ಉಳಿಯಬೇಕಾದ ಗೆರೆಗಳಿಗೆ ವಾರ್ನಿಶ್ ಬಳಿದು ಮುಚ್ಚಿ, ಉಳಿದದ್ದನ್ನು ಮತ್ತೆ ಆಮ್ಲಕ್ಕೆ ಒಡ್ಡುತ್ತಿದ್ದ. ಹೀಗೆ ಹಲವು ಸುತ್ತು. ದೂರದ ಗೋಡೆ ಬೂದಿಯಾಗಿ, ಮುಂದಿನ ಸಿಂಹದ ಪಾದ ಕಡುಕಪ್ಪಾಗಿ ಬರುವುದು ಇದರಿಂದಲೇ. ಇಂಥ ಚಿತ್ರಕ್ಕೆ ಒಂದೇ ಥ್ರೆಶೋಲ್ಡ್ ಹೊಂದುವುದಿಲ್ಲ. ತೆಳು ಗೆರೆ ಉಳಿಸಲು ಹೋದರೆ ಕಪ್ಪು ಭಾಗ ಮುಚ್ಚಿಹೋಗುತ್ತದೆ. ಕಪ್ಪು ಭಾಗ ಬಿಡಿಸಲು ಹೋದರೆ ತೆಳು ಗೆರೆ ಹಾರಿಹೋಗುತ್ತದೆ. ಚಿತ್ರವನ್ನು ಭಾಗ ಮಾಡಿ ಬೇರೆ ಬೇರೆ ಥ್ರೆಶೋಲ್ಡ್ ಹಾಕಿ ಜೋಡಿಸಬಹುದು. ನನಗೆ ಕೇಳಿದರೆ ಪಿರನೇಸಿಯ ಚಿತ್ರವನ್ನು ಗ್ರೇಸ್ಕೇಲ್‌ನಲ್ಲೇ ಇಡುವುದು ಒಳ್ಳೆಯದು.

ಟೇಥಮ್‌ನ ವಿಷಯ ಬೇರೆ. ಚಾರ್ಲ್ಸ್ ಹೀತ್‌ಕೋಟ್ ಟೇಥಮ್ 1794ರಿಂದ 1796ರವರೆಗೆ ಇಟಲಿಯಲ್ಲಿದ್ದು ಹಳೆಯ ಕಲ್ಲುಕೆತ್ತನೆಗಳನ್ನು ನೋಡಿ ಬರೆದುಕೊಂಡ. 1799ರಲ್ಲಿ ಲಂಡನ್ನಿನಲ್ಲಿ ಅವುಗಳ ಎಚ್ಚಿಂಗ್ ಪುಸ್ತಕ ತಂದ. ಅವು ಹೆಚ್ಚಾಗಿ ಬರೀ ಹೊರಗೆರೆಯ ಚಿತ್ರಗಳು. ಪ್ಯಾರಿಸ್ಸಿನಲ್ಲಿ ಪರ್ಸಿಯೇ ಮತ್ತು ಫೋಂಟೇನ್ 1801ರಿಂದ ಕಂತು ಕಂತಾಗಿ ತಂದು 1812ರಲ್ಲಿ ಪುಸ್ತಕವಾಗಿಸಿದ ಒಳಾಂಗಣ ವಿನ್ಯಾಸಗಳೂ ಅದೇ ಜಾತಿ. ಇವಕ್ಕೆ ಥ್ರೆಶೋಲ್ಡ್ ಹೇಳಿ ಮಾಡಿಸಿದ್ದು. 600 ಪಿಪಿಐ ಗ್ರೇಸ್ಕೇಲ್ ಸ್ಕ್ಯಾನ್ ಇದ್ದರೆ ಮೊದಲು ಅದನ್ನು 1200ಕ್ಕೆ ಏರಿಸಿ, ತುಸು ಶಾರ್ಪನ್ ಮಾಡಿ, ಆಮೇಲೆ ಥ್ರೆಶೋಲ್ಡ್ ಹಾಕಿ. ನೇರವಾಗಿ 600ರಲ್ಲೇ ಹಾಕಿದ್ದಕ್ಕಿಂತ ಗೆರೆಯ ಅಂಚು ನಯವಾಗಿ ಬರುತ್ತದೆ.

ಒಂದು ಎಚ್ಚರಿಕೆ. ಥ್ರೆಶೋಲ್ಡ್ ಹಾಕಿದ ಮೇಲೆ ಚಿತ್ರದ ಅಳತೆ ಬದಲಿಸಬೇಡಿ. ಪುಟವಿನ್ಯಾಸದಲ್ಲಿ 97 ಶೇಕಡಕ್ಕೆ ಇಳಿಸಿದರೂ ಸಾಕು, ಸಮಾನಾಂತರ ಗೆರೆಗಳಲ್ಲಿ ಕೆಲವಕ್ಕೆ ಎರಡು ಪಿಕ್ಸೆಲ್, ಕೆಲವಕ್ಕೆ ಒಂದೇ ಪಿಕ್ಸೆಲ್ ಆಗಿ ನಿಯಮಿತವಾದ ಪಟ್ಟಿ ಮೂಡುತ್ತದೆ. ನೋಡಿದವರು ಇದನ್ನು ಹಾಫ್‌ಟೋನಿನ ಅಲೆ ಅಂದುಕೊಳ್ಳುತ್ತಾರೆ. ಅಳತೆ ಬದಲಿಸುವುದಿದ್ದರೆ ಗ್ರೇಸ್ಕೇಲ್ ಇರುವಾಗಲೇ ಬದಲಿಸಿ, ಥ್ರೆಶೋಲ್ಡ್ ಕೊನೆಗೆ ಇರಲಿ, ಪುಟದಲ್ಲಿ 100 ಶೇಕಡ ಅಳತೆಯಲ್ಲೇ ಕೂರಿಸಿ.

ಅಲೆಪಟ್ಟಿ ಎದ್ದರೆ

ಎರಡು ನಿಯಮಿತ ಗೆರೆಸಾಲುಗಳು ಒಂದರ ಮೇಲೊಂದು ಬಿದ್ದಾಗ ಎರಡರಲ್ಲೂ ಇಲ್ಲದ ಮೂರನೆಯ ಪಟ್ಟಿ ಹುಟ್ಟುತ್ತದೆ. ಕಿಟಕಿಗೆ ಎರಡು ಸೊಳ್ಳೆಪರದೆ ಹಾಕಿದಾಗ ಕಾಣುವ ಅಲೆಯ ಹಾಗೆ. ಪ್ರೆಸ್ಸಿನವರು ಇದಕ್ಕೆ ಮ್ವಾರೇ ಅನ್ನುತ್ತಾರೆ. ನೆರಳಿಗಾಗಿ ಒತ್ತೊತ್ತಾಗಿ ಗೆರೆ ಎಳೆದ ಎಚ್ಚಿಂಗ್ ಇದಕ್ಕೆ ಬೇಗ ಸಿಕ್ಕಿಬೀಳುತ್ತದೆ.

ಅಲೆ ಎಲ್ಲಿ ಹುಟ್ಟಿತು ಅಂತ ತಿಳಿಯಲು ಫೈಲನ್ನು ಸರಿಯಾಗಿ 100 ಶೇಕಡ ಝೂಮ್‌ನಲ್ಲಿ ನೋಡಿ. 33 ಅಥವಾ 67 ಶೇಕಡದಲ್ಲಿ ಕಾಣುವ ಅಲೆ ಪರದೆಯ ಸೃಷ್ಟಿ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. 100ರಲ್ಲೂ ಅಲೆ ಇದ್ದರೆ ಅದು ಸ್ಕ್ಯಾನ್ ಅಥವಾ ಕ್ಯಾಮೆರಾದಲ್ಲಿ ಹುಟ್ಟಿದ್ದು. ಕಪ್ಪು-ಬಿಳಿ ಚಿತ್ರದ ಫೋಟೊದಲ್ಲಿ ಕೆಂಪು ಹಸಿರು ಛಾಯೆಯ ಅಲೆ ಕಂಡರೆ ಖಂಡಿತ ಕ್ಯಾಮೆರಾದ್ದು, ಸೆನ್ಸರಿನ ಪಿಕ್ಸೆಲ್ ಜಾಲವೂ ಚಿತ್ರದ ಗೆರೆಯೂ ಒಂದೇ ಸಾಂದ್ರತೆಗೆ ಬಂದಿವೆ. ಬಣ್ಣ ತೆಗೆದರೂ ಅಲೆ ಬೂದಿಯಾಗಿ ಉಳಿಯುತ್ತದೆ. ಹತ್ತಿರ ಹೋಗಿ ತುಂಡು ತುಂಡಾಗಿ ಫೋಟೊ ತೆಗೆದು ಜೋಡಿಸುವುದೊಂದೇ ದಾರಿ.

ಫೈಲ್ ಸ್ವಚ್ಛವಾಗಿದ್ದು ಅಚ್ಚಿನಲ್ಲಿ ಮಾತ್ರ ಅಲೆ ಇದ್ದರೆ ಅದು ಹಾಫ್‌ಟೋನ್ ಜಾಲದ ಜೊತೆಗಿನ ಜಗಳ. 150 ಎಲ್‌ಪಿಐ ಜಾಲ ಅಂದರೆ ಇಂಚಿಗೆ 150 ಚುಕ್ಕೆಸಾಲು, ಮಿಲಿಮೀಟರಿಗೆ ಸುಮಾರು 5.9 ಸಾಲು. ಮೂಲದಲ್ಲಿ ಮಿಲಿಮೀಟರಿಗೆ 3 ನೆರಳುಗೆರೆ ಇದ್ದು ನೀವು ಚಿತ್ರವನ್ನು ಅರ್ಧಕ್ಕೆ ಇಳಿಸಿದರೆ ಅಚ್ಚಿನಲ್ಲಿ ಅದು 6 ಆಗುತ್ತದೆ. 5.9 ಮತ್ತು 6, ವ್ಯತ್ಯಾಸ 0.1. ದಿಕ್ಕೂ ಒಂದೇ ಆಗಿದ್ದರೆ ಹತ್ತು ಮಿಲಿಮೀಟರಿಗೊಂದು ಅಗಲವಾದ ಪಟ್ಟಿ, ಕಣ್ಣಿಗೆ ಹೊಡೆಯುವಂತೆ. ಅದೇ ಚಿತ್ರವನ್ನು 60 ಶೇಕಡಕ್ಕೆ ಇಳಿಸಿದರೆ ಗೆರೆಗಳು ಮಿಲಿಮೀಟರಿಗೆ 5 ಆಗುತ್ತವೆ, ಪಟ್ಟಿ ಸುಮಾರು ಒಂದು ಮಿಲಿಮೀಟರಿಗೆ ಇಳಿಯುತ್ತದೆ, ಕೈಯಳತೆ ದೂರದಿಂದ ನೋಡಿದರೆ ಅಷ್ಟಾಗಿ ಕಾಣುವುದಿಲ್ಲ.

ದಿಕ್ಕಿನ ಮಾತು ಮುಖ್ಯ. ಒಂದೇ ಬಣ್ಣದ ಕೆಲಸದಲ್ಲಿ ಕಪ್ಪಿನ ಜಾಲವನ್ನು ಸಾಮಾನ್ಯವಾಗಿ 45 ಡಿಗ್ರಿಗೆ ಇಡುತ್ತಾರೆ. ಕಲಾವಿದರು ನೆರಳನ್ನು ಓರೆಯಾಗಿಯೇ ಎಳೆಯುವುದು ಜಾಸ್ತಿ. ಅದಕ್ಕೇ ಅಡ್ಡಗೆರೆಯ ಹಿನ್ನೆಲೆ ಚೆನ್ನಾಗಿ ಬಂದು ಕಂಬದ ಓರೆ ನೆರಳಿನಲ್ಲಿ ಮಾತ್ರ ಅಲೆ ಏಳುವುದು. ಅಲೆ ಹೀಗೆ ಕೆಲವೇ ಜಾಗಗಳಲ್ಲಿ, ಒಂದೇ ಓರೆಯ ಗೆರೆಗಳಲ್ಲಿ ಮಾತ್ರ ಕಂಡರೆ ಹಾಫ್‌ಟೋನ್ ಜಾಲವೇ ಕಾರಣ ಅಂತ ಧೈರ್ಯವಾಗಿ ಹೇಳಬಹುದು.

ಮದ್ದು ಹಲವಿವೆ. ಹೊರಗೆರೆಯ ಚಿತ್ರವಾದರೆ 1200 ಪಿಪಿಐ ಶುದ್ಧ ಕಪ್ಪು-ಬಿಳಿ ಮಾಡಿ ಕಳಿಸಿ. ಆಗ ಜಾಲವೇ ಇರುವುದಿಲ್ಲ, ಅಲೆಯೂ ಇರುವುದಿಲ್ಲ. ಗ್ರೇಸ್ಕೇಲ್ ಬೇಕೇ ಬೇಕು ಅಂದರೆ ಪ್ರೆಸ್ಸಿನವರನ್ನು ಎಫ್‌ಎಂ ಸ್ಕ್ರೀನಿಂಗ್ ಇದೆಯಾ ಅಂತ ಕೇಳಿ. ಅದರಲ್ಲಿ ಚುಕ್ಕೆಗಳು ಸಾಲಾಗಿ ಇರುವುದಿಲ್ಲ, ಚದುರಿರುತ್ತವೆ. ಅದಿಲ್ಲದಿದ್ದರೆ ಆರ್ಟ್ ಪೇಪರ್ ಮೇಲೆ 200 ಎಲ್‌ಪಿಐಗೆ ಹೋಗಿ, ಅಥವಾ ಚಿತ್ರದ ಅಳತೆಯನ್ನು ಸ್ವಲ್ಪ ಬದಲಿಸಿ. ಚಿತ್ರವನ್ನು ಬ್ಲರ್ ಮಾಡಿ ಅಲೆ ಅಡಗಿಸುವ ಸಲಹೆ ಕೆಲವರು ಕೊಡುತ್ತಾರೆ. ಅಲೆ ಹೋಗುತ್ತದೆ ನಿಜ, ಜೊತೆಗೆ ಎಚ್ಚಿಂಗೂ ಹೋಗುತ್ತದೆ.

ನೆರಳು ಮುದ್ದೆಯಾದರೆ

ಒರಟು ಕಾಗದ ಶಾಯಿ ಹೀರಿ ಹರಡುತ್ತದೆ. ಪ್ರತಿ ಗೆರೆಯೂ ಎರಡೂ ಕಡೆ ಸ್ವಲ್ಪ ಉಬ್ಬಿದರೆ ನಡುವಿನ ಬಿಳಿ ಸಂದು ಮುಚ್ಚಿಕೊಳ್ಳುತ್ತದೆ. ರೋಸೆಟ್ ನೋಡಿ. ಎಲ್ಲ ದಿಕ್ಕಿಗೂ ಸಮನಾಗಿ ಮುಚ್ಚಿಕೊಂಡಿದ್ದರೆ ಶಾಯಿ ಜಾಸ್ತಿ ಅಥವಾ ಕಾಗದ ಹೀರುತ್ತಿದೆ. ಹಾಳೆ ಓಡುವ ದಿಕ್ಕಿಗೆ ಅಡ್ಡವಾಗಿರುವ ಗೆರೆಗಳು ಮಾತ್ರ ದಪ್ಪಗಾಗಿದ್ದರೆ ಪ್ರೆಸ್ಸಿನಲ್ಲಿ ಹಾಳೆ ಜಾರುತ್ತಿದೆ, ಬ್ಲ್ಯಾಂಕೆಟ್ (ಶಾಯಿಯನ್ನು ಪ್ಲೇಟಿನಿಂದ ಕಾಗದಕ್ಕೆ ದಾಟಿಸುವ ರಬ್ಬರ್ ಹಾಳೆ) ಸಡಿಲವಾಗಿದೆಯಾ ಅಂತ ಅವರೇ ನೋಡಬೇಕು. ಇದಕ್ಕೆ ಫೈಲಿನಲ್ಲಿ ಏನೂ ಮಾಡಬೇಡಿ.

ಪ್ರೆಸ್ಸಿಗೆ ಹೇಳುವ ಮೊದಲು ಆಫ್‌ಸೆಟ್ ಪ್ಲೇಟನ್ನೇ ಲೂಪಿನಲ್ಲಿ ನೋಡಿ. ಪ್ಲೇಟಿನಲ್ಲಿ ಸಂದು ತೆರೆದಿದ್ದು ಕಾಗದದಲ್ಲಿ ಮುಚ್ಚಿದ್ದರೆ ಮಾತ್ರ ಅದು ಪ್ರೆಸ್ಸಿನ ವಿಷಯ. ಪ್ಲೇಟಿನಲ್ಲೇ ಮುಚ್ಚಿದ್ದರೆ ಫೈಲಿಗೆ ವಾಪಸ್ ಬನ್ನಿ.

ಗೆರೆಯ ಪಕ್ಕ ಬಣ್ಣದ ಅಂಚು

ಗೆರೆಯ ಒಂದು ಬದಿಯಲ್ಲಿ ಕೆಂಪೋ ನೀಲಿಯೋ ಸಣ್ಣ ಅಂಚು ಕಂಡರೆ ಚಿತ್ರ ಸಿಎಂವೈಕೆಯ (ಸಯಾನ್, ಮಜೆಂಟಾ, ಹಳದಿ, ಕಪ್ಪು) ನಾಲ್ಕೂ ಬಣ್ಣದಲ್ಲಿ ಅಚ್ಚಾಗಿದೆ, ರಿಜಿಸ್ಟ್ರೇಶನ್ ತುಸು ತಪ್ಪಿದೆ. ಕೂದಲಿನಂಥ ಗೆರೆಗೆ ನಾಲ್ಕು ಪ್ಲೇಟ್ ಹೊಂದಿಸುವುದು ಯಾರಿಗೂ ಕಷ್ಟ. ಗೆರೆ ಕಪ್ಪು ಪ್ಲೇಟಿನಲ್ಲಿ ಮಾತ್ರ ಇರಲಿ. ಹಳೆ ಕಾಗದದ ಕೆನೆ ಬಣ್ಣ ಬೇಕಿದ್ದರೆ ಅದನ್ನು ಕೆಳಗೆ ಬೇರೆ ಪದರವಾಗಿ ಹಾಕಿ, ಮೇಲಿನ ಕಪ್ಪಿಗೆ ಓವರ್‌ಪ್ರಿಂಟ್ ಕೊಡಿ. ಓವರ್‌ಪ್ರಿಂಟ್ ಮರೆತರೆ ಗೆರೆಯ ಜಾಗದಲ್ಲಿ ಕೆನೆ ಬಣ್ಣ ಕತ್ತರಿಸಿಹೋಗಿ ಪಕ್ಕದಲ್ಲಿ ಬಿಳಿ ಎಳೆ ಇಣುಕುತ್ತದೆ.

ಕಂದು ಕಲೆ, ಹಿಂದಿನ ಅಕ್ಷರ

ಹಳೆಯ ಕಾಗದದ ಕಂದು ಚುಕ್ಕೆಗಳನ್ನು ಒಂದೊಂದಾಗಿ ಒರೆಸುತ್ತ ಕೂರಬೇಡಿ. ಸ್ಕ್ಯಾನನ್ನು ಬಣ್ಣದಲ್ಲೇ ಮಾಡಿ, ಆಮೇಲೆ ಫೈಲಿನ ಕೆಂಪು, ಹಸಿರು, ನೀಲಿ ಪದರಗಳಲ್ಲಿ (ಚಾನೆಲ್) ಕೆಂಪು ಚಾನೆಲ್ ಮಾತ್ರ ತೆಗೆದುಕೊಳ್ಳಿ. ಕಂದು ಕಲೆ ಕೆಂಪು ಚಾನೆಲ್‌ನಲ್ಲಿ ಬಹುತೇಕ ಕಾಗದದಷ್ಟೇ ಬಿಳುಪಾಗುತ್ತದೆ, ಕಪ್ಪು ಶಾಯಿ ಕಪ್ಪಾಗಿಯೇ ಉಳಿಯುತ್ತದೆ. ಗ್ರಂಥಾಲಯದ ಕೆಂಪು ಸೀಲೂ ಇದರಲ್ಲಿ ಮಂಕಾಗುತ್ತದೆ. ನೀಲಿ ಸೀಲಾದರೆ ನೀಲಿ ಚಾನೆಲ್ ನೋಡಿ, ಆದರೆ ಅಲ್ಲಿ ಕಂದು ಕಲೆ ಇನ್ನೂ ಗಾಢವಾಗುತ್ತದೆ. ಶುರುವಿನಲ್ಲೇ ಗ್ರೇಸ್ಕೇಲ್‌ನಲ್ಲಿ ಸ್ಕ್ಯಾನ್ ಮಾಡಿದವರಿಗೆ ಈ ದಾರಿ ಮುಚ್ಚಿಹೋಗುತ್ತದೆ.

ಹಿಂಬದಿಯ ಅಕ್ಷರ ಇಣುಕಿದರೆ ಹಾಳೆಯ ಹಿಂದೆ ಕಪ್ಪು ಹಾಳೆ ಇಡಿ. ಬಿಳಿ ಮುಚ್ಚಳದಿಂದ ಬೆಳಕು ಮರಳಿ ಬಂದು ಹಿಂದಿನ ಅಕ್ಷರ ತೋರಿಸುವುದು ನಿಲ್ಲುತ್ತದೆ. ಅಕ್ಷರ ತಲೆಕೆಳಗಾಗದೆ ಎಡಬಲ ಮಾತ್ರ ತಿರುಗಿದ್ದು ಕಪ್ಪು ಹಾಳೆ ಇಟ್ಟರೂ ಹೋಗದಿದ್ದರೆ ಅದು ಎದುರು ಪುಟದಿಂದ ಹತ್ತಿದ ಶಾಯಿ. ಅದು ನಿಜವಾಗಿ ಕಾಗದದ ಮೇಲೇ ಇದೆ.

ಹೊಲಿದ ಪುಸ್ತಕವನ್ನು ಮಾತ್ರ ಗಾಜಿಗೆ ಒತ್ತಬೇಡಿ. ಹೊಲಿಗೆಯ ಬಳಿ ಗ್ರೀಕ್ ಕೀ ಪಟ್ಟಿ (ನೇರ ಗೆರೆ ಮೂಲೆ ಮೂಲೆಯಾಗಿ ತಿರುಗುವ ಅಂಚಿನ ಅಲಂಕಾರ) ಬಾಗಿ ಕಂಡರೂ ಪರವಾಗಿಲ್ಲ. ಪೂರ್ತಿ ತೆರೆಯದೆ, ಆಧಾರದ ಮೇಲಿಟ್ಟು, ಮೇಲಿನಿಂದ ಫೋಟೊ ತೆಗೆಯಿರಿ. ಬಾಗಿದ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ನೇರ ಮಾಡಬಹುದು. ಮುರಿದ ಬೆನ್ನನ್ನು ನೇರ ಮಾಡಲಾಗದು.

ಅಳತೆ ಹೊಂದದಿದ್ದರೆ

ಈ ಚಿತ್ರಗಳನ್ನು ನೋಡಿ ಮರದಲ್ಲಿ ಕೆತ್ತುವವರು, ಪ್ಲಾಸ್ಟರ್ ಅಚ್ಚು ಮಾಡುವವರು ಈಗಲೂ ಇದ್ದಾರೆ. ಅವರಿಗೆ ಅಳತೆ ತಪ್ಪಿದರೆ ಕೆಲಸವೇ ತಪ್ಪಿದ ಹಾಗೆ.

ಎಚ್ಚಿಂಗನ್ನು ಒದ್ದೆ ಕಾಗದದ ಮೇಲೆ ಒತ್ತುತ್ತಾರೆ. ಒಣಗಿದಾಗ ಕಾಗದ ಕುಗ್ಗುತ್ತದೆ. ಹಾಗಾಗಿ ಚಿತ್ರ ತಾಮ್ರದ ಹಲಗೆಗಿಂತ ಸ್ವಲ್ಪ ಚಿಕ್ಕದಾಗಿಯೇ ಇರುತ್ತದೆ. ಎರಡು ದಿಕ್ಕಿಗೂ ಒಂದೇ ಸಮ ಕುಗ್ಗದಿದ್ದರೆ ರೋಸೆಟ್ ತುಸು ಅಂಡಾಕಾರವಾಗುತ್ತದೆ. ತಿರುಗಿಸಿ ಸ್ಕ್ಯಾನ್ ಮಾಡಿ ನೋಡಿ. ಅಂಡಾಕಾರ ಚಿತ್ರದ ಜೊತೆ ತಿರುಗಿದರೆ ಕಾಗದ ಕಾರಣ, ಇಲ್ಲದಿದ್ದರೆ ಸ್ಕ್ಯಾನರ್.

ಅನೇಕ ಹಾಳೆಗಳ ಕೆಳಗೆ ಅಳತೆಪಟ್ಟಿ ಇರುತ್ತದೆ. ಅದು ಚಿತ್ರದ ಜೊತೆಗೇ ಕುಗ್ಗಿರುವುದರಿಂದ ನಂಬಲು ಅದೇ ಒಳ್ಳೆಯದು. ಆದರೆ ಅದರ ಮೂಲಮಾನ ಯಾವುದು ಅಂತ ನೋಡಿ. ರೋಮಿನ ಹಾಳೆಗಳಲ್ಲಿ ಪಾಲ್ಮೋ ಇರುತ್ತದೆ, ಅದು ಸುಮಾರು 22.3 ಸೆಂಟಿಮೀಟರ್. ಹಳೆಯ ಫ್ರೆಂಚ್ ಅಡಿ 32.48 ಸೆಂಟಿಮೀಟರ್, ಇಂಗ್ಲಿಷ್ ಅಡಿ 30.48. ಫ್ರೆಂಚ್ ಹಾಳೆಯನ್ನು ಇಂಗ್ಲಿಷ್ ಅಡಿ ಅಂತ ಓದಿದರೆ ಕೆತ್ತನೆ ಸುಮಾರು 6 ಶೇಕಡ ಚಿಕ್ಕದಾಗುತ್ತದೆ. ಎಲ್ಲ ಭಾಗವೂ ಒಂದೇ ಸಮ ಚಿಕ್ಕದಾಗುವುದರಿಂದ ಚಿತ್ರ ನೋಡಿದರೆ ತಪ್ಪು ಗೊತ್ತಾಗುವುದಿಲ್ಲ, ಗೋಡೆಗೆ ಕೂರಿಸುವಾಗ ಗೊತ್ತಾಗುತ್ತದೆ.

ಅಳತೆಪಟ್ಟಿ ಹೆಚ್ಚಾಗಿ ಅಡ್ಡಕ್ಕೆ ಮಾತ್ರ ಇರುತ್ತದೆ. ಉದ್ದಕ್ಕೆ ಅಳೆಯಲು ಸಂಗ್ರಹಾಲಯದ ವಿವರದಲ್ಲಿ ಕೊಟ್ಟಿರುವ ಪ್ಲೇಟ್ ಮಾರ್ಕಿನ ಎತ್ತರವನ್ನು ಬಳಸಿ, ನಿಮ್ಮ ಸ್ಕ್ಯಾನಿನಲ್ಲಿ ಅದೇ ಎತ್ತರ ಬರುತ್ತದೆಯಾ ಅಂತ ನೋಡಿ. ಪ್ಲೇಟ್ ಮಾರ್ಕ್ ಚೌಕಾಕಾರವಾಗಿಲ್ಲ ಅಂತ ಕಂಡರೆ ಗಾಬರಿ ಬೇಡ. ಕೈಯಿಂದ ಕತ್ತರಿಸಿ ಉಜ್ಜಿದ ಹಲಗೆಗಳ ಮೂಲೆ ಎಷ್ಟೋ ಸಲ 90 ಡಿಗ್ರಿ ಇರುವುದಿಲ್ಲ. ಅದನ್ನು ಎಳೆದು ಚೌಕ ಮಾಡಲು ಹೋದರೆ ಒಳಗಿನ ಕಂಬ ವಾಲುತ್ತದೆ. ಪುಟದಲ್ಲಿ ಅಳತೆಪಟ್ಟಿಯನ್ನು ಕತ್ತರಿಸದೆ ಉಳಿಸಿ. ಚಿತ್ರದ ಕೆಳಗೆ ಮೂಲ ಹಾಳೆಯ ಅಗಲ-ಎತ್ತರವನ್ನು ಮಿಲಿಮೀಟರಿನಲ್ಲಿ ಬರೆಯಿರಿ, ಎಷ್ಟು ಶೇಕಡಕ್ಕೆ ಇಳಿಸಿದ್ದೀರಿ ಅನ್ನುವುದನ್ನೂ ಸೇರಿಸಿ.